ಓಟದ ಮಾತು, ಭಾಗ 11: ನಿಧಾನ ಅನ್ನೋದು ಬೈಗುಳ ಅಲ್ಲ

ಈ ವಾರ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಅಕ್ಕಾ, ಬೆಳಗ್ಗೆ ಐದಕ್ಕೆ ಏಳೋಕೆ ಮೋಟಿವೇಶನ್ ಎಲ್ಲಿಂದ ತರ್ತೀರಾ?"

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಮೋಟಿವೇಶನ್ ನಿಮ್ಮ ಹತ್ರ ಇದೆ. ಇಲ್ಲದಿದ್ರೆ ನೀವು ಶೂ ತಗೊಳ್ತಿರ್ಲಿಲ್ಲ, ಅಲಾರಂ ಇಡ್ತಿರ್ಲಿಲ್ಲ, ನನಗೆ ಮೆಸೇಜೂ ಮಾಡ್ತಿರ್ಲಿಲ್ಲ. ನಾನು ನೋಡಿದ ಹಾಗೆ ನಮ್ಮ ವಯಸ್ಸಿನವರು ಓಟ ಬಿಡೋದು ನಾಚಿಕೆಗೆ. "ಎಷ್ಟು ನಿಧಾನ ಇವ್ಳು" ಅಂತ ಅನ್ನಿಸ್ಕೊಳ್ಳೋ ನಾಚಿಕೆಗೆ.

ನಮ್ಮ ಕ್ಲಾಸ್‌ನವರಿಗೆ ಈ ಕಥೆ ಗೊತ್ತು. ಹೆಸರು ಬೇಡ, ಅವಳನ್ನ ಕೇಳಿಯೇ ಬರೀತಿದೀನಿ. ಮೂರು ವಾರ ಒಂದು ದಿನವೂ ಬಿಡದೆ ಓಡಿದ್ಲು. ದಿನಾ ಮ್ಯಾಪ್ ಹಾಕೋಳು: 3 ಕಿ.ಮೀ., ಕಿಲೋಮೀಟರಿಗೆ 9 ನಿಮಿಷ. ಕೆಳಗೆ ಒಂದು ಕಾಮೆಂಟ್ ಬಂತು, "ಇದು ಓಟನಾ ವಾಕಿಂಗಾ?" ಅದಕ್ಕೊಂದು ರಾಶಿ ನಗೋ ಇಮೋಜಿ. ಮಾರನೇ ದಿನವೂ ಅವಳು ಓಡಿದ್ಲು, ಆದ್ರೆ ಸಿಟ್ಟಲ್ಲಿ, ಉಸಿರು ಕಟ್ಟೋ ಹಾಗೆ. ವಾರದೊಳಗೆ ಮೊಣಕಾಲಿಂದ ಕೆಳಗೆ, ಮುಂದಿನ ಮೂಳೆಯುದ್ದಕ್ಕೂ ನೋವು. ಅಲ್ಲಿಗೆ ನಿಂತೋಯ್ತು. ಆ ಶೂ ಈಗ ಅವಳ ತಮ್ಮ ಹಾಕ್ಕೊಂಡು ಟ್ಯೂಷನ್‌ಗೆ ಹೋಗ್ತಾನೆ.

ಆ ಕಾಮೆಂಟ್ ಹಾಕಿದ್ದು ಹೊರಗಿನವರಲ್ಲ ಕಣ್ರೋ. ನಮ್ಮವರೇ.

▪️ ದೇಹ ಏನು ಹೇಳುತ್ತೆ

ಹೊಸದಾಗಿ ಓಡೋಕೆ ಶುರು ಮಾಡಿದ್ರೆ ಉಸಿರು ಕೆಲವೇ ವಾರಗಳಲ್ಲಿ ಹಿಡಿತಕ್ಕೆ ಬರುತ್ತೆ. ಮೂಳೆ ಮತ್ತು ಸ್ನಾಯುವನ್ನ ಮೂಳೆಗೆ ಕಟ್ಟೋ ನಾರುಗಳು ಹಾಗಲ್ಲ, ಅವು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಉಸಿರು "ಇನ್ನೂ ಜೋರಾಗಿ ಹೋಗು" ಅನ್ನುತ್ತೆ, ಕಾಲು "ತಾಳಮ್ಮಾ" ಅನ್ನುತ್ತೆ. ಹೊಸಬರ ನೋವುಗಳಲ್ಲಿ ಎಷ್ಟೋ ಈ ಜಗಳದಿಂದಲೇ ಹುಟ್ಟೋದು.

ಸರಿಯಾದ ವೇಗ ತಿಳ್ಕೊಳ್ಳೋಕೆ ವಾಚ್ ಬೇಡ. ಓಡ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಅಷ್ಟೇ. ಜೊತೆಗೆ ಯಾರೂ ಇಲ್ವಾ? ನಿಮ್ಮ ಮನೆ ವಿಳಾಸ ಪಿನ್‌ಕೋಡ್ ಸಮೇತ ಜೋರಾಗಿ ಹೇಳಿ ನೋಡಿ. ಮಧ್ಯದಲ್ಲಿ ಏದುಸಿರು ಬಂದ್ರೆ ವೇಗ ಕಮ್ಮಿ ಮಾಡಿ, ನಡೆಯೋದಾದ್ರೂ ಸರಿ. ದೊಡ್ಡ ದೊಡ್ಡ ಮ್ಯಾರಥಾನ್ ಓಟಗಾರರೂ ವಾರದ ಹೆಚ್ಚಿನ ಕಿಲೋಮೀಟರುಗಳನ್ನ ಇದೇ ಥರ, ಅವರ ರೇಸ್ ವೇಗಕ್ಕಿಂತ ಎಷ್ಟೋ ನಿಧಾನವಾಗಿ ಓಡ್ತಾರೆ.

▪️ ಕಂಠೀರವದ ಲೆಕ್ಕ

2022ರ ಜುಲೈನಲ್ಲಿ ನಮ್ಮ ಕಂಠೀರವ ಸ್ಟೇಡಿಯಂನಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಓಟದ ಚಾಂಪಿಯನ್‌ಶಿಪ್ ನಡೀತು. ಗಂಡಸರ ವಿಭಾಗದಲ್ಲಿ ಮೊದಲ ಮೂರು ಸ್ಥಾನವೂ ಭಾರತದವರಿಗೇ. ಗೆದ್ದ ಅಮರ್ ಸಿಂಗ್ ದೇವಂದಾ ಒಂದು ಹಗಲು ಒಂದು ರಾತ್ರಿಯಲ್ಲಿ ಓಡಿದ್ದು 258.418 ಕಿ.ಮೀ. 400 ಮೀಟರ್ ಸುತ್ತು ಅಂತ ಹಿಡಿದ್ರೆ 646 ಸುತ್ತು!

ಈಗ ಕ್ಯಾಲ್ಕುಲೇಟರ್ ತೆಗೀರಿ. 24 ಗಂಟೆಯನ್ನ 258.418ರಿಂದ ಭಾಗಿಸಿ. ಕಿಲೋಮೀಟರಿಗೆ ಸುಮಾರು 5 ನಿಮಿಷ 34 ಸೆಕೆಂಡು. ಸ್ಪೋರ್ಟ್ಸ್ ಡೇ ದಿನ ಇದಕ್ಕಿಂತ ಜೋರಾಗಿ ಓಡೋ ಹುಡುಗ್ರು ನಮ್ಮ ಕಾಲೇಜಲ್ಲೇ ಇದ್ದಾರೆ. ಒಂದು ಕಿಲೋಮೀಟರ್, ಆಮೇಲೆ ಗೋಡೆ ಹಿಡ್ಕೊಂಡು ನಿಲ್ತಾರೆ. ದೂರದ ಓಟದಲ್ಲಿ ಕೇಳೋ ಪ್ರಶ್ನೆಯೇ ಬೇರೆ: ಇದೇ ವೇಗದಲ್ಲಿ ಇನ್ನೂ ಎಷ್ಟು ಹೊತ್ತು?

ಇನ್ನೊಂದು ಹೆಸರು ನೆನಪಿಟ್ಕೊಳ್ಳಿ. ಫಡೆಪ್ಪ ಚೌಗುಲೆ, ನಮ್ಮ ಬೆಳಗಾವಿಯವರು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಮ್ಯಾರಥಾನ್ ಓಡಿದವರು. ಬಂದ ಸ್ಥಾನ 19. ಪದಕ ಇಲ್ಲ. ನೂರು ವರ್ಷ ಆದ್ಮೇಲೂ ನಾವು ಅವರ ಹೆಸರು ಹೇಳ್ತಿದೀವಿ, ಯಾಕಂದ್ರೆ ಅಷ್ಟು ದೂರ ಹೋಗಿ ಆ ಓಟ ಪೂರ್ತಿ ಮುಗಿಸಿದ್ರು. ಅವತ್ತು ಕಾಮೆಂಟ್ ಬಾಕ್ಸ್ ಇದ್ದಿದ್ರೆ "ಹತ್ತೊಂಬತ್ತನೇ ಸ್ಥಾನಕ್ಕೆ ಇಷ್ಟು ಬಿಲ್ಡಪ್ಪಾ?" ಅಂತ ಬರೆಯೋರೂ ಇರ್ತಿದ್ರು ಬಿಡಿ.

▪️ ರೇಸ್‌ನಲ್ಲಿ ಹಿಂದಿನ ಸಾಲಿಂದ ಕಾಣೋದು

ನಾನು ಓಡೋ 10ಕೆಗಳಲ್ಲಿ ಯಾವಾಗ್ಲೂ ಹಿಂದಿನ ಗುಂಪಲ್ಲೇ ಇರ್ತೀನಿ. ಅಲ್ಲಿಂದ ಕಾಣೋದೇ ಬೇರೆ. ಮೊದಲ ಎರಡು ಕಿಲೋಮೀಟರಲ್ಲಿ ನಮ್ಮನ್ನ ತಳ್ಕೊಂಡು ಹೋಗೋ ಹುಡುಗ್ರು ಏಳನೇ ಕಿಲೋಮೀಟರ್ ಹತ್ರ ಸೊಂಟ ಹಿಡ್ಕೊಂಡು ನಡೀತಿರ್ತಾರೆ. ಅರವತ್ತು ದಾಟಿದ ಅಜ್ಜಂದಿರು ಒಂದೇ ಹದದಲ್ಲಿ ಬಂದು ಅವರನ್ನೂ ದಾಟ್ತಾರೆ, ನನ್ನನ್ನೂ ದಾಟ್ತಾರೆ. ಸೀರೆ ಉಟ್ಟು ಓಡೋ ಆಂಟಿಯರು ಹಾಡ್ತಾ ಬರ್ತಾರೆ. ಅವರ್ಯಾರೂ ನನ್ನ ಟೈಮ್ ಎಷ್ಟು ಅಂತ ಕೇಳಿಲ್ಲ. "ಮುಂದಿನ ವರ್ಷ ಬರ್ತೀಯಲ್ಲಮ್ಮಾ?" ಅಂತ ಕೇಳ್ತಾರೆ.

▪️ "ಹಾಗಾದ್ರೆ ವೇಗ ಬೇಡ್ವಾ?"

ಬೇಕು. ಪೊಲೀಸ್ ನೇಮಕಾತಿಗೋ ಸ್ಪೋರ್ಟ್ಸ್ ಕೋಟಾಕ್ಕೋ ತಯಾರಾಗ್ತಿರೋರಿಗೆ ಒಂದೊಂದು ಸೆಕೆಂಡೂ ಲೆಕ್ಕವೇ, ಅವರು ಕೋಚ್ ಹೇಳಿದ್ದು ಕೇಳಿ. ಉಳಿದವರು ಮೊದಲು ಕೆಲವು ತಿಂಗಳು ನೋವಿಲ್ಲದೆ ಓಡಿ. ಆಮೇಲೆ ವಾರಕ್ಕೊಂದು ದಿನ ಜೋರಾಗಿ ಓಡೋಣ. ಅಡಿಪಾಯ ಒಣಗೋ ಮುಂಚೆ ಮಹಡಿ ಕಟ್ಟೋದು ಬೇಡ.

▪️ ತಿಂಗಳಿಗೊಂದು ಸ್ಟೇಷನ್

ಬೈಯಪ್ಪನಹಳ್ಳಿಯಲ್ಲಿ ಇರೋರಿಗೆ ಒಂದು ಅನುಕೂಲ ಇದೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು ಇಲ್ಲಿಂದ ಎಂ.ಜಿ. ರಸ್ತೆಗೆ, 6.7 ಕಿ.ಮೀ. ಅದೇ ದಾರಿಯನ್ನ ನೀವು ಕೆಳಗಿಂದ ಓಡಿ. ಮೊದಲ ತಿಂಗಳು ಸ್ವಾಮಿ ವಿವೇಕಾನಂದ ರಸ್ತೆ ಸ್ಟೇಷನ್‌ವರೆಗೆ. ಎರಡನೇ ತಿಂಗಳು ಇಂದಿರಾನಗರ. ಆಮೇಲೆ ಹಲಸೂರು, ಟ್ರಿನಿಟಿ, ಐದನೇ ತಿಂಗಳು ಎಂ.ಜಿ. ರಸ್ತೆ. ವಾಪಸ್ ಬರೋಕೆ ಮೆಟ್ರೊ ಇದ್ದೇ ಇದೆ, ಕಾರ್ಡ್ ಜೇಬಲ್ಲಿರ್ಲಿ. ಎಂ.ಜಿ. ರಸ್ತೆ ತಲುಪಿದವರಿಗೆ 10 ಕಿ.ಮೀ. ದೂರ ಇಲ್ಲ. 2008ರಲ್ಲಿ ಶುರುವಾದ ನಮ್ಮೂರ ವರ್ಲ್ಡ್ 10ಕೆಗೆ ಆಮೇಲೆ ಧೈರ್ಯವಾಗಿ ಹೆಸರು ಕೊಡಿ.

ಬೆಳಕು ಬಂದ ಮೇಲೆ ಹೊರಡಿ. ಹುಡುಗೀರು ಜೋಡಿಯಾಗಿ ಹೋದ್ರೆ ಒಳ್ಳೇದು. ನಮ್ಮನ್ನ ರಸ್ತೆಯಲ್ಲಿ ಗುರಾಯಿಸೋರು ಸಾಲದು ಅಂತ ಫೋನಲ್ಲೂ ಗುರಾಯಿಸೋರು ಯಾಕೆ ಬೇಕು? ಹಳೇ ಮದ್ರಾಸ್ ರಸ್ತೆಯಲ್ಲಿ ಫುಟ್‌ಪಾತ್ ನಂಬಬೇಡಿ, ಕಣ್ಣು ಕೆಳಗಿರ್ಲಿ. ಸಿಗ್ನಲ್ ಬಂದ್ರೆ ನಿಲ್ಲಿ. ಪೇಸ್ ಕೆಡುತ್ತೆ ಅಂತ ಬಸ್ಸಿಗೆ ಅಡ್ಡ ನುಗ್ಗೋರನ್ನ ನೋಡಿದೀನಿ. ಮನೇಲಿ ಅಮ್ಮ ಕಾಯ್ತಿರ್ತಾರೆ, ನಿಮ್ಮ ಪೇಸ್‌ಗಲ್ಲ.

▪️ ಕೊನೆಗೆ ಎರಡು ಕೋರಿಕೆ

ಓಡೋರಿಗೆ: ಸ್ಟ್ರಾವಾದಲ್ಲಿ ಪೇಸ್ ಮರೆಮಾಡೋ ಆಯ್ಕೆ ಇದೆ. ಮೊದಲ ಆರು ತಿಂಗಳು ಅದನ್ನ ಆನ್ ಮಾಡಿಡಿ.

ನೋಡೋರಿಗೆ: ಯಾರಾದ್ರೂ ಓಡಿ ಬಂದು ಪೋಸ್ಟ್ ಹಾಕಿದ್ರೆ "ನಾಳೆ ಎಷ್ಟೊತ್ತಿಗೆ? ನಾನೂ ಬರ್ತೀನಿ" ಅಂತ ಬರೀರಿ. ಬರೋಕೆ ಮನಸ್ಸಿಲ್ವಾ, ಸುಮ್ನೆ ಸ್ಕ್ರಾಲ್ ಮಾಡಿ ಮುಂದೆ ಹೋಗಿ.

ಈ ತಿಂಗಳು ಯಾವ ಸ್ಟೇಷನ್‌ವರೆಗೆ ಹೋದ್ರಿ ಅಂತ ಕೆಳಗೆ ಬರೀರಿ. ಎಷ್ಟು ನಿಮಿಷ ಅಂತ ಬರೆದ್ರೆ ಡಿಲೀಟ್ ಮಾಡ್ತೀನಿ, ನೋಡಿ ಮತ್ತೆ!

ಭಾಗ 12ರಲ್ಲಿ: ಓಡೋ ಮುಂಚೆ ಏನು ತಿನ್ನೋದು, ಓಡಿದ ಮೇಲೆ ಎಷ್ಟು ಇಡ್ಲಿ.

#ಓಟದಮಾತು #ಬೈಯಪ್ಪನಹಳ್ಳಿ #ನಿಧಾನವಾಗಿಓಡೋಣ #ತಿಂಗಳಿಗೊಂದುಸ್ಟೇಷನ್