ಖಡಕವಾಸಲಾದ ಒಂದು ದಿನ

ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದರೆ ಅಮ್ಮಿನಬಾವಿ ಹೆಚ್ಚು ದೂರವಲ್ಲ. ಈಚೆಗೆ ಅಲ್ಲಿಯ ಒಂದು ಒಕ್ಕಲುತನದ ಮನೆಗೆ ಪ್ರಸಾದಕ್ಕೆಂದು ನಾವು ಹೋಗಿದ್ದೆವು. ಆ ಮನೆಯ ಮಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಾನೆ. ಪುಣೆಯ ಸಮೀಪ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ತಂದೆಗೆ ಅಭಿಮಾನ, ತಾಯಿಗೆ ಅಂಜಿಕೆ.

"ಬೆಟದೂರಿನ ಹುಡುಗನ್ನ ನೆನಿಸಿದರ ಇನ್ನೂ ಎದಿ ಝಲ್ ಅಂತೈತ್ರಿ" ಎಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರಾದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮದಡಿ ಸಿಲುಕಿ, ಆರು ದಿನಗಳ ತರುವಾಯ ಜೀವಂತವಾಗಿ ದೊರೆತು, 11ರಂದು ದೆಹಲಿಯಲ್ಲಿ ಕಣ್ಮುಚ್ಚಿದುದನ್ನು ಈ ಭಾಗದ ಯಾವ ತಾಯಿ ಮರೆತಾಳು? ಆದರೂ ಆಕೆ ಮಗನನ್ನು ಬೇಡವೆನ್ನಲಿಲ್ಲ. "ಅಲ್ಲಿ ಹುಡುಗರು ಮುಂಜಾನಿಂದ ರಾತ್ರಿ ತನಕ ಏನ್ ಮಾಡ್ತಾರ? ಅದನ್ನಾದರೂ ಹೇಳ್ರಿ" ಎಂದಷ್ಟೇ ಕೇಳಿದರು. ಇಂಥ ಪ್ರಶ್ನೆ ಅನೇಕ ಮನೆಗಳಲ್ಲಿ ಇರಬಹುದಾದುದರಿಂದ, ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಖಡಕವಾಸಲಾದ ಈ ಅಕಾಡೆಮಿಗೆ 1949ರಲ್ಲಿ ಶಂಕುಸ್ಥಾಪನೆಯಾಯಿತು. 1955ರ ಜನವರಿಯಲ್ಲಿ ಅದು ವಿಧ್ಯುಕ್ತವಾಗಿ ಆರಂಭಗೊಂಡಿತು. ಭೂಸೇನೆ, ನೌಕಾಸೇನೆ, ವಾಯುಸೇನೆ ಈ ಮೂರಕ್ಕೂ ಸೇರುವ ತರುಣರು ಇಲ್ಲಿ ಮೂರು ವರ್ಷ ಒಟ್ಟಿಗೆ ಕಲಿಯುತ್ತಾರೆ. ಕೊನೆಗೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿಯೂ ದೊರೆಯುತ್ತದೆ. ಆಮೇಲೆ ಭೂಸೇನೆಯವರು ದೆಹರಾದೂನಿಗೆ, ನೌಕಾಸೇನೆಯವರು ಕೇರಳದ ಏಳಿಮಲೆಗೆ, ವಾಯುಸೇನೆಯವರು ಹೈದರಾಬಾದಿನ ಬಳಿಯ ದುಂಡಿಗಲ್ಲಿಗೆ ಮುಂದಿನ ತರಬೇತಿಗೆ ತೆರಳುತ್ತಾರೆ. 'ಸೇವಾ ಪರಮೋ ಧರ್ಮಃ' ಎಂಬುದು ಅಕಾಡೆಮಿಯ ಧ್ಯೇಯವಾಕ್ಯ. ಕಾಯಕವನ್ನು ಪೂಜೆಯೆಂದು ನಂಬಿದ ನಮ್ಮ ಮನೆಗಳಿಗೆ ಈ ಮಾತು ಪರಕೀಯವೇನಲ್ಲ.

ಇನ್ನು ದಿನಚರಿ. ನಸುಕಿನ ಐದರ ಸುಮಾರಿಗೆ ಕ್ಯಾಡೆಟ್ ಏಳಬೇಕು. ಮುಖ ಕ್ಷೌರ, ಹಾಸಿಗೆಯ ಓರಣ, ಕನ್ನಡಿಯಂತೆ ಹೊಳೆಯುವ ಬೂಟು ಇವೆಲ್ಲ ಅವನದೇ ಹೊಣೆ. ತಡಮಾಡದೆ ತನ್ನ ಸ್ಕ್ವಾಡ್ರನ್ನಿನ ಸಾಲಿನಲ್ಲಿ ನಿಲ್ಲಬೇಕು. ಬೆಳಗಿನ ಹೊತ್ತು ಕವಾಯತು ಇಲ್ಲವೆ ವ್ಯಾಯಾಮ. ಉಪಾಹಾರದ ಬಳಿಕ ತರಗತಿಗಳು: ಗಣಿತ, ವಿಜ್ಞಾನ, ಇತಿಹಾಸ, ಭಾಷೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ಸೈಕಲ್ಲಿನ ಮೇಲೆ, ಅದೂ ಸಾಲುಗಟ್ಟಿ. ಮಧ್ಯಾಹ್ನದ ಊಟವಾದ ಮೇಲೆ ತುಸು ಬಿಡುವು. ಸಂಜೆಗೆ ಆಟ, ಈಜು, ಓಟ, ಕುದುರೆ ಸವಾರಿ. ರಾತ್ರಿ ಅಭ್ಯಾಸದ ಅವಧಿ, ಊಟ, ನಾಳಿನ ಸಮವಸ್ತ್ರದ ಸಿದ್ಧತೆ. ಹತ್ತರ ಸುಮಾರಿಗೆ ದೀಪ ಆರುತ್ತದೆ. ನಡುನಡುವೆ ಬೆನ್ನಿಗೆ ಭಾರ ಹೊತ್ತು ಗುಡ್ಡಗಾಡಿನಲ್ಲಿ ನಡೆಸುವ ಶಿಬಿರಗಳೂ ಉಂಟು.

"ಊಟದ ಗತಿ ಏನ್ರಿ?" ಎಂದು ಮನೆಯ ಹಿರಿಯ ಅಜ್ಜಿ ಕೇಳಿದರು. ಸಸ್ಯಾಹಾರಿಗಳಿಗೆ ಅಲ್ಲಿ ತಕ್ಕ ಏರ್ಪಾಡು ಇದೆ. ಆ ಚಿಂತೆ ಬೇಡ. ಮನೆಯಲ್ಲಿ ನಸುಕಿನಲ್ಲೆದ್ದು, ಮಿಂದು, ಲಿಂಗಪೂಜೆ ಮಾಡಿದ ರೂಢಿಯುಳ್ಳ ಹುಡುಗನಿಗೆ ಐದು ಗಂಟೆಯ ಹೊತ್ತೂ ಹೊಸದಲ್ಲ. ಹೊಸದಾಗುವುದು ಬೇರೆಯೇ ಇದೆ. ಅಲ್ಲಿ ಒಬ್ಬನು ತಪ್ಪಿದರೆ ಜೊತೆಗಾರರೆಲ್ಲ ದಂಡ ತೆರುವ ಪ್ರಸಂಗಗಳುಂಟು. ಜನರಲ್ ಸಾಹೇಬರ ಮಗನಿಗೂ ಎರಡೆಕರೆ ಒಕ್ಕಲಿಗನ ಮಗನಿಗೂ ಒಂದೇ ಬಗೆಯ ಕ್ಷೌರ, ಒಂದೇ ಬಗೆಯ ಕೋಣೆ, ಒಂದೇ ಬಗೆಯ ಶಿಕ್ಷೆ. ಓದಿನಲ್ಲಾಗಲಿ ಕವಾಯತಿನಲ್ಲಾಗಲಿ ಹಿಂದುಳಿದವನು ತನ್ನ ಗೆಳೆಯರು ಮುಂದೆ ಹೋಗುವುದನ್ನು ನೋಡುತ್ತ ಅದೇ ಆರು ತಿಂಗಳ ಪಾಠವನ್ನು ಮತ್ತೆ ಕಲಿಯಬೇಕಾಗಬಹುದು. ಆ ಅಪಮಾನವನ್ನು ನುಂಗಿ ನಿಲ್ಲುವುದೂ ಶಿಕ್ಷಣದ ಒಂದು ಭಾಗವೇ.

ವೆಚ್ಚದ ಸಂಗತಿಯನ್ನು ತಂದೆ ವಿಚಾರಿಸಿದರು. ಖಡಕವಾಸಲಾದಲ್ಲಿ ವಸತಿ, ಊಟ, ಪುಸ್ತಕ, ಸಮವಸ್ತ್ರ, ಔಷಧೋಪಚಾರ ಎಲ್ಲವೂ ಸರಕಾರದ್ದು. ಕೈಖರ್ಚು ಮಾತ್ರ ಮನೆಯವರದು. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆರಡು ಸಲ ಪರೀಕ್ಷೆ ನಡೆಸುತ್ತದೆ. ಲಿಖಿತ ಪರೀಕ್ಷೆಗೆ 900 ಅಂಕ. ಅದರಲ್ಲಿ ಗಣಿತಕ್ಕೆ 300. ಗೆದ್ದವರಿಗೆ ಐದು ದಿನಗಳ ಸಂದರ್ಶನ, ಅದಕ್ಕೂ 900 ಅಂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ನಮ್ಮ ಹಳ್ಳಿಯ ಮಕ್ಕಳು ಎಡವುವುದು ಬುದ್ಧಿಯಲ್ಲಲ್ಲ, ಭಾಷೆಯಲ್ಲಿ. ಆರನೆಯ ಇಲ್ಲವೆ ಒಂಬತ್ತನೆಯ ತರಗತಿಯಿಂದಲೇ ಸಿದ್ಧರಾಗಬೇಕೆನ್ನುವವರಿಗೆ 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಯಿದೆ. ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಯಿದೆ. ಹೆಣ್ಣುಮಕ್ಕಳಿಗೆ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಶಾಲೆ 1969ರಿಂದಲೂ ನಡೆದುಬಂದಿದೆ. ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು ಸುಪ್ರೀಂ ಕೋರ್ಟಿನ 2021ರ ಆದೇಶದಿಂದ. ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು. ಚನ್ನಮ್ಮನ ನಾಡಿನವರಾದ ನಾವು ಇದನ್ನು ಕೇಳಿ ಹಿಗ್ಗಿದರಷ್ಟೇ ಸಾಲದು, ಮನೆಯ ಹೆಣ್ಣುಮಕ್ಕಳಿಗೂ ತಿಳಿಹೇಳಬೇಕು.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮರೆಯಬಾರದು. ತರಬೇತಿಯಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು, ಅಧಿಕಾರಿಯಾಗುವ ಮೊದಲೇ ಹಿಂದಿರುಗಿದ ತರುಣರೂ ಇದ್ದಾರೆ. ಅವರಿನ್ನೂ ಅಧಿಕಾರಿಗಳಾಗಿರಲಿಲ್ಲವೆಂಬ ಕಾರಣಕ್ಕೆ ಮಾಜಿ ಸೈನಿಕರ ಸ್ಥಾನಮಾನ ಅವರಿಗೆ ದೊರೆಯುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಈ ಸಂಗತಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅದೇ ತಿಂಗಳು ಮಾಜಿ ಸೈನಿಕರ ವೈದ್ಯಕೀಯ ಯೋಜನೆಯನ್ನು ಸರಕಾರ ಅವರಿಗೂ ವಿಸ್ತರಿಸಿತು. ಇದನ್ನು ಆ ತಾಯಿಯಿಂದ ಮುಚ್ಚಿಡುವುದು ನಮಗೆ ಸರಿಯೆನಿಸಲಿಲ್ಲ. ಮಗನನ್ನು ಕಳುಹಿಸುವವರು ತಿಳಿದು ಕಳುಹಿಸಬೇಕು. ಸಮವಸ್ತ್ರದ ಫೋಟೋ ಪಡಸಾಲೆಯಲ್ಲಿ ತೂಗಬೇಕೆಂಬ ಆಸೆಗೆ ಒಲ್ಲದ ಹುಡುಗನನ್ನು ದೂಡುವುದು ತಪ್ಪು. ನಮ್ಮ ಅಂಜಿಕೆಗೆ ಒಲಿದ ಹುಡುಗನನ್ನು ತಡೆಯುವುದೂ ತಪ್ಪು.

ಹಾಗಾದರೆ ನಿರ್ಣಯಿಸುವುದು ಹೇಗೆ? ಅಂದು ಒಂದು ಸಂಗತಿ ನಮ್ಮ ಕಣ್ಣಿಗೆ ಬಿದ್ದಿತ್ತು. ಮುಂಜಾನೆ ಆ ತಾಯಿ ಮಗನನ್ನು ಮೂರು ಸಲ ಕೂಗಿ, ಕೊನೆಗೆ ಚಹಾವನ್ನು ಹಾಸಿಗೆಯ ಬಳಿಗೇ ಒಯ್ದಿದ್ದರು. ಉಂಡ ಗಂಗಾಳವನ್ನು ತಂಗಿ ಎತ್ತಿದ್ದಳು. ಆದುದರಿಂದ ನಾವು ಹೇಳಿದೆವು: "ತಾಯಿ, ಒಂದು ತಿಂಗಳು ಮನೆಯನ್ನೇ ಅಕಾಡೆಮಿ ಮಾಡಿರಿ. ತಾನೇ ಏಳಲಿ, ತನ್ನ ಬಟ್ಟೆ ತಾನೇ ಒಗೆಯಲಿ, ಗಂಗಾಳ ತಾನೇ ತೊಳೆಯಲಿ, ಹೊಲದ ಬದುವಿನ ಮೇಲೆ ಓಡಲಿ, ಹೇಳಿದ ಹೊತ್ತಿಗೆ ಓದಲು ಕುಳಿತುಕೊಳ್ಳಲಿ. ಯಾರೂ ನೋಡದಾಗಲೂ ಮಾಡಿದರೆ ಅವನಿಗೆ ಆ ಬಾಳು ಒಗ್ಗುತ್ತದೆ. ಆಯ್ಕೆಯಾಗದಿದ್ದರೂ ಕಲಿತದ್ದು ಎಲ್ಲಿಗೂ ಹೋಗದು."

ಹುಡುಗ ತಲೆ ತಗ್ಗಿಸಿ ನಕ್ಕ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ನಾವು ಹೊರಡುವಾಗ ಬಾಗಿಲವರೆಗೆ ಬಂದು, ವಿಭೂತಿಯ ಕರಡಿಗೆ ಮುಂದಿಡುತ್ತ ನುಡಿದರು: "ಆತ್ರಿ. ನಾಳಿಂದ ಅವನನ್ನ ನಾ ಎಬ್ಬಸೂದಿಲ್ಲ."

ಆ ಮಾತಿನಲ್ಲಿ ಅಂಜಿಕೆಯೂ ಇತ್ತು, ಅಪ್ಪಣೆಯೂ ಇತ್ತು.