ಎಕ್ಸ್‌ರೇಗೆ ಕಾಣದ ಹೊಗೆ

ಅಡಿಕೆ ಸುಗ್ಗಿಯ ದಿನಗಳಲ್ಲಿ ಕುಪ್ಪಗಡ್ಡೆಯ ಸುತ್ತಮುತ್ತಲಿಂದ ಕೆಮ್ಮು, ದಮ್ಮು ಎಂದು ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಹಲವರು ಎಕ್ಸ್‌ರೇ ಹಾಳೆಯನ್ನೂ ತರುತ್ತಾರೆ. ‘ಇದರಲ್ಲಿ ಏನೂ ಇಲ್ಲವಂತೆ’ ಎಂಬುದು ಅವರ ಸಮಾಧಾನ. ಚಿತ್ರದಲ್ಲಿ ಕಾಣದ ಮಾತ್ರಕ್ಕೆ ಶ್ವಾಸಕೋಶದಲ್ಲಿ ಏನೂ ಇಲ್ಲವೆಂದು ಭಾವಿಸಬಾರದೆಂದು ಸದ್ಭಕ್ತರಲ್ಲಿ ನಮ್ಮ ನಿವೇದನೆ.

ಸೌದೆಯ ಹೊಗೆಯಲ್ಲಿ 100 ನ್ಯಾನೋಮೀಟರಿಗಿಂತ ಕಿರಿದಾದ, ಎಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲದ ಕಣಗಳು ಅಸಂಖ್ಯಾತವಾಗಿರುತ್ತವೆ. ಇವು ಶ್ವಾಸಕೋಶದ ತುದಿಯ ವಾಯುಕೋಶಗಳವರೆಗೂ ಇಳಿಯಬಲ್ಲವು. ಎಕ್ಸ್‌ರೇ ಆಗಲಿ, ಸಿ.ಟಿ. ಸ್ಕ್ಯಾನ್ ಆಗಲಿ ಈ ಕಣಗಳನ್ನು ತೋರಿಸಲಾರವು. ಕಾಲಾಂತರದಲ್ಲಿ ಆದ ಹಾನಿಯನ್ನಷ್ಟೇ ತೋರಿಸಿಯಾವು.

ಇಂತಹ ಕಣಗಳ ಜಾಡು ಹಿಡಿಯಲು ವಿಜ್ಞಾನಿಗಳು ಅವಕ್ಕೆ ಗುರುತು ಹಚ್ಚುತ್ತಾರೆ. ಇಂಗಾಲದ ಸೂಕ್ಷ್ಮ ಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಸೇರಿಸಿ ಉಸಿರಿನೊಡನೆ ಒಳಗೆ ಕಳುಹಿಸಿದರೆ, ಅವು ಹರಡಿದ ಬಗೆಯನ್ನು ಗಾಮಾ ಕ್ಯಾಮೆರಾ ಚಿತ್ರಿಸುತ್ತದೆ. ಆದರೆ ಆ ವಿಕಿರಣವು ಪ್ರತಿ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ತಿಂಗಳುಗಟ್ಟಲೆ ಹಿಂಬಾಲಿಸಲಾಗದು. ಗುರುತು ಕಳಚಿಕೊಂಡರಂತೂ ಕ್ಯಾಮೆರಾ ಕಾಣುವುದು ಗುರುತನ್ನೇ ಹೊರತು ಕಣವನ್ನಲ್ಲ. 2017ರಲ್ಲಿ ಪ್ರಕಟವಾದ ಎಡಿನ್‌ಬರೊ ಅಧ್ಯಯನವೊಂದರಲ್ಲಿ, ಚಿನ್ನದ ನ್ಯಾನೋಕಣಗಳನ್ನು ಉಸಿರಾಡಿದ ಸ್ವಯಂಸೇವಕರ ರಕ್ತ, ಮೂತ್ರಗಳಲ್ಲಿ 3 ತಿಂಗಳ ನಂತರವೂ ಚಿನ್ನ ಪತ್ತೆಯಾಯಿತು. ಒಳಹೊಕ್ಕ ಕಣ ಶ್ವಾಸಕೋಶದಲ್ಲಿಯೇ ನಿಲ್ಲುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಒಲೆಯ ಹೊಗೆಗೆ ಗುರುತು ಹಚ್ಚುವವರಾರು? ಆದಕಾರಣ ಚಿತ್ರಕ್ಕಾಗಿ ಕಾಯದೆ ಕಾರಣವನ್ನೇ ನಿವಾರಿಸುವುದು ವಿವೇಕ. ಶ್ವಾಸರೋಗದ ಕಾರಣಗಳಲ್ಲಿ ಚರಕ ಸಂಹಿತೆಯು ಧೂಳನ್ನೂ ಹೊಗೆಯನ್ನೂ ಎಣಿಸಿದೆ. ನಿದಾನ ಪರಿವರ್ಜನವೇ ಆಯುರ್ವೇದದ ಮೊದಲ ಚಿಕಿತ್ಸೆ. ಹೊಗೆಯ ನಡುವೆ ಕುಳಿತು ಕಷಾಯ ಕುಡಿದರೆ ಫಲವೇನು?

ಅಡುಗೆ ಅನಿಲ ಬಂದ ಮನೆಗಳಲ್ಲಿಯೂ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆಗಳು ಹಾಗೆಯೇ ಉಳಿದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ದಶಕಗಳೇ ಸಂದವು. ಹೊಗೆಕೊಳವೆ ಹಾಕಿಸಿ, ಒಣ ಸೌದೆಯನ್ನೇ ಉರಿಸಿ, ಹಂಡೆಯ ಒಲೆಯನ್ನು ಗಾಳಿಯಾಡುವ ಬಯಲಿಗೆ ತನ್ನಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ದಮ್ಮು ನಿಲ್ಲದಿದ್ದರೆ ಎಕ್ಸ್‌ರೇ ನಂಬಿ ಸುಮ್ಮನಿರದೆ, ಉಸಿರು ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿರಿ.

ಸೌದೆ ಒಲೆಯಿರುವ ದಾಸೋಹದ ಮನೆಗಳಿಂದಲೇ ಈ ಕಾರ್ಯ ಮೊದಲಾಗಲಿ ಎಂಬುದು ನಮ್ಮ ಅಭಿಪ್ರಾಯ. ಸಾವಿರ ಜನಕ್ಕೆ ಅನ್ನ ಬೇಯಿಸುವ ಕಾಯಕಜೀವಿಗಳ ಉಸಿರನ್ನು ಕಾಯುವುದೂ ದಾಸೋಹವೇ.