ನಲವತ್ತು ಗಜದ ಓಟವೂ ಆಟಗಾರನ ಬೆಲೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಬಯಲುಗಳಲ್ಲಿ ಕಾಲಿನಿಂದ ಒದೆಯುವ ಚೆಂಡಾಟವಲ್ಲ. ಎರಡು ತುದಿಗಳೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗಿನ ೩೨ ತಂಡಗಳು ಪ್ರತಿವರ್ಷವೂ ಕಾಲೇಜುಗಳಿಂದ ಬರುವ ತರುಣರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ೧೯೩೬ರಲ್ಲಿ ಆರಂಭವಾದ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಅದಕ್ಕೆ ಮುನ್ನ ಇಂಡಿಯಾನಾಪೊಲಿಸ್ ನಗರದಲ್ಲಿ ಕಂಬೈನ್ ಎಂಬ ದೇಹಪರೀಕ್ಷೆಗಳು ನಡೆಯುತ್ತವೆ. ಅವುಗಳಲ್ಲಿ ಎಲ್ಲರ ಕಣ್ಣೂ ನೆಟ್ಟಿರುವುದು ೪೦ ಗಜದ, ಅಂದರೆ ಸುಮಾರು ೩೬.೬ ಮೀಟರಿನ ಓಟದ ಮೇಲೆ. ಒಬ್ಬ ತರುಣನು ಈ ದೂರವನ್ನು ೪.೩ ಸೆಕೆಂಡಿಗೂ ಕಡಮೆ ವೇಳೆಯಲ್ಲಿ ಓಡಿದನೆಂದರೆ, ಅವನು ಆಟದಲ್ಲಿ ಇನ್ನೂ ಪಳಗದವನಾಗಿದ್ದರೂ ಅವನ ಬೆಲೆ ಒಮ್ಮೆಲೇ ಏರುತ್ತದೆ. ಈ ರೂಢಿ ಅವೈಜ್ಞಾನಿಕವಾದುದೆಂದು ನಮ್ಮ ಅಭಿಪ್ರಾಯ.

ಈ ಓಟ ಹೆಚ್ಚಾಗಿ ನಿರ್ಣಯಿಸುವುದು ವೈಡ್ ರಿಸೀವರ್ ಎಂಬ ಆಟಗಾರನ ಭವಿಷ್ಯವನ್ನು. ಸಾಲಿನ ಅಂಚಿನಲ್ಲಿ ನಿಂತು, ಆಟ ಆರಂಭವಾದೊಡನೆ ಮುಂದೆ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಅವನ ದಾರಿ ಮೊದಲೇ ಗೊತ್ತುಮಾಡಿದ್ದು: ಇಷ್ಟು ಗಜ ನೇರ, ಅಲ್ಲಿ ಥಟ್ಟನೆ ಒಳಕ್ಕೋ ಹೊರಕ್ಕೋ ತಿರುವು. ಅನೇಕ ವೇಳೆ ಅವನು ತಿರುಗುವ ಮೊದಲೇ ಚೆಂಡು ಎಸೆಯುವವನ ಕೈಬಿಟ್ಟಿರುತ್ತದೆ. ಅವನು ಗೊತ್ತಾದ ಕ್ಷಣಕ್ಕೆ ಗೊತ್ತಾದ ಜಾಗದಲ್ಲಿರದಿದ್ದರೆ ಚೆಂಡು ನೆಲಕ್ಕೋ ಎದುರಾಳಿಯ ಕೈಗೋ ಬೀಳುತ್ತದೆ.

ಹೀಗಿರುವಲ್ಲಿ ೪೦ ಗಜದ ಓಟವು ಅಳೆಯುವುದೇನು? ಎದುರಾಳಿಯಿಲ್ಲದ ನೇರ ದಾರಿಯಲ್ಲಿ ಒಮ್ಮೆ ಓಡುವ ಶಕ್ತಿಯನ್ನು. ಓಟಗಾರನು ತಾನಾಗಿ ಕದಲಿದಾಗಲೇ ಗಡಿಯಾರ ಆರಂಭವಾಗುವುದರಿಂದ, ಸೂಚನೆಗೆ ಅವನು ಎಷ್ಟು ಬೇಗ ಸ್ಪಂದಿಸುವನೆಂಬುದು ಕೂಡ ತಿಳಿಯದು. ಹತ್ತನೆಯ ಒಂದು ಸೆಕೆಂಡಿನ ಅಂತರ ಓಟದ ಕೊನೆಯಲ್ಲಿ ಸುಮಾರು ಒಂದು ಮೀಟರಿಗೆ ಸಮ. ಚೆಂಡು ಹಿಡಿಯುವವನಿಗೆ ಒಂದು ಮೀಟರು ಅಲ್ಪವಲ್ಲ, ಒಪ್ಪಿದೆವು. ಆದರೆ ಆ ಮೀಟರನ್ನು ತಿರುವಿನಲ್ಲಿಯೇ ಕಳೆದುಕೊಳ್ಳುವುದೂ ಬಹು ಸುಲಭ.

ಸರಳವಾದ ಲೆಕ್ಕವೊಂದನ್ನು ನೋಡೋಣ. ಸೆಕೆಂಡಿಗೆ ೮ ಮೀಟರು ವೇಗದಿಂದ ಓಡುವವನು ೩ ಮೀಟರಿನೊಳಗೆ ನಿಲ್ಲಬೇಕಾದರೆ, ಅವನ ವೇಗ ಪ್ರತಿ ಸೆಕೆಂಡಿಗೂ ಸುಮಾರು ೧೦.೭ ಮೀಟರಿನಂತೆ ಇಳಿಯಬೇಕು. ಗುರುತ್ವಾಕರ್ಷಣೆಯ ವೇಗೋತ್ಕರ್ಷ ೯.೮ ಮಾತ್ರ, ಎಂದರೆ ಅವನ ಕಾಲುಗಳು ಅವನ ತೂಕಕ್ಕೂ ಮಿಗಿಲಾದ ಬಲದಿಂದ ಅವನನ್ನು ಹಿಂದಕ್ಕೆ ಒತ್ತಬೇಕು. ವೇಗ ೯ ಮೀಟರಾದರೆ? ವೇಗ ಎಂಟರಲ್ಲೊಂದು ಪಾಲು ಹೆಚ್ಚಿತು. ಚಲನಶಕ್ತಿಯಾದರೋ ವೇಗದ ವರ್ಗದಂತೆ ಏರುವುದರಿಂದ ಕಾಲುಭಾಗಕ್ಕೂ ಮಿಗಿಲಾಗಿ ಹೆಚ್ಚಿತು. ಅಷ್ಟೇ ಬಲದಿಂದ ತಡೆದರೆ ನಿಲ್ಲಲು ೩.೮ ಮೀಟರು ಬೇಕು. ತಿರುವಿಗೆ ಮುಂಚೆಯೇ ಅವನು ಹೆಜ್ಜೆ ಕಿರಿದುಮಾಡುತ್ತಾನೆ. ಎದುರಾಳಿ ಅದನ್ನು ಕಂಡು ಎಚ್ಚರಗೊಳ್ಳುತ್ತಾನೆ. ವೇಗವನ್ನು ನಿಗ್ರಹಿಸಲು ಕಲಿಯದವನಿಗೆ ವೇಗವೇ ಹೊರೆಯಾಗುವುದು ಹೀಗೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ೨೦೧೭ರಲ್ಲಿ ಜಾನ್ ರಾಸ್ ೪.೨೨ ಸೆಕೆಂಡುಗಳಲ್ಲಿ ಓಡಿ ಕಂಬೈನಿನ ದಾಖಲೆಯನ್ನು ಮುರಿದರು. ಸಿನ್ಸಿನ್ನಾಟಿ ತಂಡ ಅವರನ್ನು ೯ನೆಯವರಾಗಿ ಆರಿಸಿತು. ಗಾಯಗಳೂ ಕಾಡಿದ್ದರಿಂದ ಅವರು ಲೀಗಿನಲ್ಲಿ ಒಟ್ಟು ಗಳಿಸಿದ್ದು ಸಾವಿರ ಗಜಕ್ಕೂ ಕಡಮೆ. ಅದೇ ವರ್ಷ ೪.೬೨ ಸೆಕೆಂಡುಗಳಲ್ಲಿ ಓಡಿದ ಕೂಪರ್ ಕಪ್ ೬೯ನೆಯವರಾಗಿ ಆಯ್ಕೆಯಾದರು; ೨೦೨೧ರ ಒಂದೇ ಋತುವಿನಲ್ಲಿ ೧೪೫ ಬಾರಿ ಚೆಂಡು ಹಿಡಿದು ೧,೯೪೭ ಗಜ ಗಳಿಸಿದರು.

ಇದರಿಂದ ವೇಗ ವ್ಯರ್ಥವೆಂದು ನಾವು ಸಾಧಿಸಹೊರಟಿಲ್ಲ. ೧೯೬೪ರ ಟೋಕಿಯೊ ಒಲಿಂಪಿಕ್ಸಿನಲ್ಲಿ ೧೦೦ ಮೀಟರ್ ಓಟದ ಚಿನ್ನ ಗೆದ್ದ ಬಾಬ್ ಹೇಯ್ಸ್ ಮರುವರ್ಷವೇ ಡಲ್ಲಾಸ್ ತಂಡ ಸೇರಿ, ಮೊದಲ ಋತುವಿನಲ್ಲಿಯೇ ಸಾವಿರ ಗಜ ದಾಟಿದರು. ಆದರೆ ಅವರು ಕಾಲೇಜಿನಲ್ಲಿಯೂ ಫುಟ್‌ಬಾಲ್ ಆಡಿದ್ದವರೆಂಬುದನ್ನು ಮರೆಯಬಾರದು. ೧೯೮೧ರಲ್ಲಿ ೧೧೦ ಮೀಟರ್ ಹರ್ಡಲ್ಸನ್ನು ೧೨.೯೩ ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ರೆನಾಲ್ಡೊ ನೆಹಮಾಯ ಅವರಿಗೆ ಆ ಅಭ್ಯಾಸವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಮೂರು ಋತುಗಳಲ್ಲಿ ಅವರು ಹಿಡಿದ ಚೆಂಡುಗಳು ೪೩ ಮಾತ್ರ.

‘ಉಳಿದುದನ್ನು ಕಲಿಸಬಹುದು, ವೇಗವನ್ನು ಕಲಿಸಲಾಗದು’ ಎಂಬುದು ಎದುರು ಪಕ್ಷದವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ೨೦೧೯ರಲ್ಲಿ ಡಿ. ಕೆ. ಮೆಟ್‌ಕಾಫ್ ೪.೩೩ ಸೆಕೆಂಡುಗಳಲ್ಲಿ ಓಡಿದರೂ, ತಿರುವುಗಳನ್ನು ಪರೀಕ್ಷಿಸುವ ಮೂರು ಶಂಕುಗಳ ಓಟದಲ್ಲಿ ೭.೩೮ ಸೆಕೆಂಡು ತೆಗೆದುಕೊಂಡು ಹಿಂದೆ ಬಿದ್ದರು. ಸಿಯಾಟಲ್ ತಂಡ ಅವರನ್ನು ೬೪ನೆಯವರಾಗಿ ಆರಿಸಿತು. ಎರಡನೆಯ ವರ್ಷವೇ ಅವರು ೧,೩೦೩ ಗಜ ಗಳಿಸಿದರು. ಕಲಿಕೆ ಸಾಧ್ಯ, ಆದರೆ ಅದಕ್ಕೆ ಹಿಡಿಯುವ ಕಾಲ ಎಲ್ಲರಿಗೂ ಒಂದೇ ಅಲ್ಲ. ೨೦೦೯ರಲ್ಲಿ ೪.೩೦ ಸೆಕೆಂಡುಗಳ ಓಟದ ಬಳಿಕ ೭ನೆಯವರಾಗಿ ಆಯ್ಕೆಯಾದ ಡೇರಿಯಸ್ ಹೇವರ್ಡ್-ಬೇ ಮೊದಲ ವರ್ಷ ಹಿಡಿದದ್ದು ೯ ಚೆಂಡುಗಳನ್ನು. ಮೂರನೆಯ ವರ್ಷ ಗಳಿಸಿದ್ದು ೯೭೫ ಗಜಗಳನ್ನು. ೨೦೧೩ರಲ್ಲಿ ಓಕ್ಲೆಂಡ್ ತಂಡ ಅವರನ್ನು ಕೈಬಿಟ್ಟಿತು.

ಸಂಖ್ಯಾಶಾಸ್ತ್ರದ ಸಾಕ್ಷ್ಯವೂ ಉಂಟು. ೨೦೦೮ರಲ್ಲಿ ಕುಜ್ಮಿಟ್ಸ್ ಮತ್ತು ಆಡಮ್ಸ್ ಪ್ರಕಟಿಸಿದ ಅಧ್ಯಯನವು ಕಂಬೈನಿನ ಅಂಕಿಗಳಿಗೂ ಮುಂದಿನ ಆಟಕ್ಕೂ ಸ್ಥಿರವಾದ ಸಂಬಂಧವನ್ನು ಕಾಣಲಿಲ್ಲ. ರನ್ನಿಂಗ್ ಬ್ಯಾಕ್‌ಗಳ ವೇಗವೇ ಅದರ ಮುಖ್ಯ ಅಪವಾದ. ಇದಕ್ಕೊಂದು ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿಗೆ ಬರುವ ರಿಸೀವರುಗಳೆಲ್ಲರೂ ಈಗಾಗಲೇ ವೇಗಿಗಳು. ಎಲ್ಲರೂ ಎತ್ತರದವರೇ ಆದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎತ್ತರದಿಂದ ಉತ್ತಮನನ್ನು ಗುರುತಿಸಲಾಗದಂತೆ, ವೇಗಿಗಳ ಗುಂಪಿನಲ್ಲಿ ವೇಗವೊಂದರಿಂದಲೇ ಆರಿಸಲಾಗದು.

ಹಾಗಾದರೆ ಮಾಡಬೇಕಾದುದೇನು? ಮೊದಲು, ತರುಣನ ಕೊರತೆಯ ಮೂಲವನ್ನು ವಿಚಾರಿಸಬೇಕು. ಕಲಿಯಲು ಅವಕಾಶವೇ ದೊರೆಯದೆ ಪಳಗದವನು ಬೇರೆ. ವರ್ಷಗಟ್ಟಲೆ ಕಲಿಸಿದರೂ ಪಳಗದವನು ಬೇರೆ. ಎರಡನೆಯದಾಗಿ, ಅವನು ಓಡುವುದನ್ನು ಮಾತ್ರವಲ್ಲ, ನಿಲ್ಲುವುದನ್ನೂ ತಿರುಗುವುದನ್ನೂ, ಎದುರಾಳಿಯ ಒತ್ತಡದಲ್ಲಿ ಚೆಂಡು ಹಿಡಿಯುವುದನ್ನೂ ಅವನಾಡಿದ ಪಂದ್ಯಗಳ ಚಿತ್ರಗಳಲ್ಲಿ ನೋಡಬೇಕು. ಮೂರನೆಯದಾಗಿ, ಪಳಗದವನನ್ನು ತುಸು ತಡವಾದ ಸರದಿಯಲ್ಲಿ ಆರಿಸಿ, ಮೊದಲ ವರ್ಷ ಕೆಲವೇ ದಾರಿಗಳನ್ನು ಒಪ್ಪಿಸಿ, ಕಲಿಯಲು ಕಾಲ ಕೊಡಬೇಕು.

ಇಲ್ಲಿ ಪಣಕ್ಕಿರುವುದು ತಂಡದ ಹಣವೊಂದೇ ಅಲ್ಲ. ಹೊಸಬನ ಮೊದಲ ಒಪ್ಪಂದ ನಾಲ್ಕು ವರ್ಷಗಳದು. ಪಳಗಲು ಮೂರು ವರ್ಷ ಬೇಕಾದವನನ್ನು ಮೊದಲ ವರ್ಷವೇ ಅಳೆದರೆ ಅವನಿಗೆ ಸೋತವನೆಂಬ ಹೆಸರು ಅಂಟುತ್ತದೆ. ಗಡಿಯಾರ ತಪ್ಪು ಹೇಳಲಿಲ್ಲ. ಅದು ನಾಲ್ಕೂಕಾಲು ಸೆಕೆಂಡುಗಳ ಸುದ್ದಿಯನ್ನಷ್ಟೇ ತಿಳಿಸಿತ್ತು. ಅದರಲ್ಲಿ ನಾಲ್ಕು ವರ್ಷಗಳ ಭವಿಷ್ಯವನ್ನು ಓದಿದವರು ಆರಿಸಿದವರು. ಆ ತಪ್ಪಿನ ದಂಡವನ್ನು ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ತರುಣನೊಬ್ಬನು ತೆರುವುದು ನ್ಯಾಯವಲ್ಲ.